ತಾಳಿ ತೊಳೆದ ನೀರು

ನಮ್ಮ ಮನೆಯಲ್ಲಿ ಒಂದು ಬೆಳ್ಳಿಯ ಒಳಲೆ ಇತ್ತು. ಕೂಸುಗಳಿಗೆ ಹಾಲು ಕುಡಿಸುವ, ಉದ್ದ ಮೂತಿಯ ಪುಟ್ಟ ಬಟ್ಟಲು. ನನ್ನ ಮೂರೂ ಮಕ್ಕಳು ಅದರಲ್ಲೇ ಕುಡಿದು ದೊಡ್ಡವರಾದರು. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅದೇ ಒಳಲೆಯಿಂದ ಅತ್ತೆಯವರಿಗೆ ಗಂಜಿ ಕುಡಿಸುತ್ತಿದ್ದೆ. ಅದೇ ಒಳಲೆಯಿಂದ ಒಂದು ದಿನ ಹೊಲದ ಮಣ್ಣು ಕದಡಿದ ನೀರನ್ನು, ಇನ್ನೊಂದು ದಿನ ತಾಳಿ ತೊಳೆದ ನೀರನ್ನು ಅವರ ಬಾಯಿಗೆ ಬಿಡಲು ಹೋದೆ. ಈಗಲೂ ಬೆಳಿಗ್ಗೆ ಪೂಜೆಗೆ ಕೂತು ಅಂಗೈ ಮೇಲೆ ಲಿಂಗ ಇಟ್ಟುಕೊಂಡಾಗ, ಕೆಲವು ದಿನ ಅಂಗೈಗೆ ಆ ಒಳಲೆಯ ತೂಕವೇ ತಾಗುತ್ತದೆ. ಅಂಥ ದಿನ ಪೂಜೆ ಬೇಗ ಮುಗಿಸಿ ಎದ್ದುಬಿಡುತ್ತೇನೆ. ಶಿವನಿಗೆ ಗೊತ್ತು.

ನಾನು ಹುಟ್ಟಿದ್ದು ಚನ್ನಗಿರಿಯಲ್ಲಿ, ಸೇರಿದ್ದು ನ್ಯಾಮತಿಯ ಮನೆಗೆ. ನಮ್ಮ ಯಜಮಾನರದು ಜವಳಿ ಅಂಗಡಿ. ಮಾತು ಕಡಿಮೆ, ಯಾರಿಗೂ ಎದುರಾಡಿದವರಲ್ಲ. ಮಾವನವರು ತೀರಿಕೊಂಡ ಮೇಲೆ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಯಜಮಾನರ ಚಿಕ್ಕಪ್ಪನದು, ಅಂದರೆ ಮಾವನವರ ತಮ್ಮನದು. ಅವರ ಮನೆ ಎರಡು ಬಾಗಿಲಾಚೆ. ಬಿಳಿ ರುಮಾಲು ಸುತ್ತಿಕೊಂಡು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂದು ನಡುಮನೆಯ ಬೆಂಚಿನ ಮೇಲೆ ಕೂತರೆಂದರೆ ಅವತ್ತಿನ ತೀರ್ಮಾನಗಳೆಲ್ಲ ಆದಂತೆ.

ಅತ್ತೆಯವರ ಬಗ್ಗೆ ಒಂದು ಸಂಗತಿಯನ್ನು ಮೊದಲೇ ಹೇಳಬೇಕು. ಮದುವೆಮನೆಯಲ್ಲಿ ವಧೂವರರ ತಲೆಯ ಮೇಲೆ ಎಲ್ಲರೂ ಅಕ್ಕಿಕಾಳು ಹಾಕುವ ಹೊತ್ತಿಗೆ ಅವರು ಯಾವತ್ತೂ ಚಪ್ಪರದ ಕೆಳಗೆ ಇರುತ್ತಿರಲಿಲ್ಲ. ನನ್ನ ಮದುವೆಯಲ್ಲಿ ಮಾವನವರು ಗಟ್ಟಿಮುಟ್ಟಾಗಿದ್ದರು, ಅತ್ತೆಯವರ ಹಣೆಯ ಮೇಲೆ ಕಾಸಿನಗಲ ಕುಂಕುಮವಿತ್ತು. ಆದರೂ ವರನ ತಾಯಿ ನಿಲ್ಲಬೇಕಾದ ಜಾಗದಲ್ಲಿ ನಿಂತದ್ದು ಚಿಕ್ಕಪ್ಪನವರ ಹೆಂಡತಿ. ಅರಿಶಿನ ಹಚ್ಚುವ ಐದು ಮುತ್ತೈದೆಯರಲ್ಲೂ ಅತ್ತೆಯವರಿರಲಿಲ್ಲ. ಆಮೇಲೆ ಕೇಳಿದ್ದಕ್ಕೆ, “ಅಡಿಗಿ ತಳ ಹತ್ತಿದ್ರೆ ಬೀಗರು ಉಗೀತಾರೆ, ಯಾರಾದ್ರೂ ಒಬ್ರು ಒಲೆ ಮುಂದೆ ಇರಬೇಕಲ್ಲ” ಎಂದು ನಕ್ಕರು. ಎಂಥ ವಿನಯದ ಹೆಂಗಸು ಎಂದುಕೊಂಡೆ. ಹತ್ತು ವರ್ಷ ಹಾಗೇ ಅಂದುಕೊಂಡಿದ್ದೆ.

ಅವರಿಗೆ ಒಬ್ಬಳೇ ಮಗಳು, ನನ್ನ ನಾದಿನಿ. ಅವಳನ್ನು ಜಗಳೂರಿಗೆ ಕೊಟ್ಟಿದ್ದರು. ಗಂಡನಿಗೆ ಕಿರಾಣಿ ಅಂಗಡಿ. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಇದನ್ನು ಚಿಕ್ಕಪ್ಪ ನೂರು ಸಲ ಹೇಳುತ್ತಿದ್ದರು. ನಿಜವೇ. ಆದರೆ ಅಂಗಡಿಗೆ ಹೋಗುವಾಗ ಹೆಂಡತಿಯನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ. ಅನುಮಾನದ ಮನುಷ್ಯ. ಪಕ್ಕದ ಸೊಕ್ಕೆ ಊರಿನ ಕಡೆಯಿಂದ ಮಜ್ಜಿಗೆ ಮಾರಲು ಬರುತ್ತಿದ್ದ ಮುದುಕಿಯೊಬ್ಬಳು ಕಿಟಕಿಯ ಸರಳಿನೊಳಗೆ ಕೈ ಹಾಕಿ ಚೊಂಬು ಕೊಟ್ಟು ಎರಡು ಮಾತಾಡಿ ಹೋದರೆ ಅದೇ ಆ ಹುಡುಗಿಗೆ ಹೊರಗಿನ ಪ್ರಪಂಚ. ಎರಡನೆಯ ವರ್ಷ ಐದು ತಿಂಗಳ ಬಸಿರು ಜಾರಿತು. ಬೆಳಿಗ್ಗೆ ನೋವು ಶುರುವಾದರೆ, ಗಂಡ ಊಟಕ್ಕೆ ಬಂದು ಬೀಗ ತೆಗೆದಾಗ ಎರಡು ಗಂಟೆ. ಎದ್ದು ಓಡಾಡುವಷ್ಟಾದ ಮೇಲೆ ಒಂದು ದಿನ ಅವನು ಸ್ನಾನಕ್ಕೆ ಹೋದಾಗ ಬಸ್ ಹತ್ತಿದಳು. ದಾವಣಗೆರೆ, ಹೊನ್ನಾಳಿ, ನ್ಯಾಮತಿ ಎಂದು ಮೂರು ಬಸ್ ಬದಲಿಸಿ, ಕೈಯಲ್ಲಿ ಒಂದು ಚೀಲವೂ ಇಲ್ಲದೆ ನಮ್ಮ ಬಾಗಿಲಲ್ಲಿ ನಿಂತಳು.

“ನಮ್ಮ ಮನೆತನದಾಗೆ ಹೆಣ್ಣುಮಕ್ಕಳು ಬಿಟ್ಟು ಬಂದದ್ದಿಲ್ಲ” ಎಂದರು ಚಿಕ್ಕಪ್ಪ. “ನಾಲ್ಕು ದಿನ ಇದ್ದು ಹೋಗ್ಲಿ.”

ನಾಲ್ಕು ದಿನ ಆರು ತಿಂಗಳಾಯಿತು. ಅಷ್ಟರೊಳಗೆ ಅತ್ತೆಯವರಿಗೆ ಲಕ್ವ ಹೊಡೆಯಿತು. ಎಡಗಡೆಯ ಕೈಕಾಲು ಸತ್ತವು, ಬಾಯಿ ಒಂದು ಕಡೆಗೆ ಎಳೆಯಿತು. ಹೊನ್ನಾಳಿಯ ಡಾಕ್ಟರ ಹತ್ತಿರ ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋದೆವು. ವಾರ ಇಟ್ಟುಕೊಂಡು ನೋಡಿದ ಡಾಕ್ಟರು, “ಮನೆಗೆ ಕರ್ಕೊಂಡು ಹೋಗ್ರಿ. ಬೆನ್ನಿಗೆ ಹುಣ್ಣಾಗದಂಗೆ ನೋಡ್ಕೊಳ್ರಿ, ಗಂಜಿ ನಿಧಾನಕ್ಕೆ ಕುಡಿಸ್ರಿ. ಮಲಗಿಸಿ ಮಾತ್ರ ಕುಡಿಸಬ್ಯಾಡ್ರಿ, ಪುಪ್ಪುಸಕ್ಕೆ ಹೋಗುತ್ತೆ” ಎಂದರು. ಎಷ್ಟು ದಿನ ಎಂದು ಯಜಮಾನರು ಕೇಳಿದ್ದಕ್ಕೆ ಮೇಲೆ ಕೈ ತೋರಿಸಿದರು. ಆಮೇಲೆ ಯಾಕೋ, ಪೇಪರಿನಲ್ಲಿ ಓದಿದ್ದನ್ನು ಹೇಳಿದರು: “ಹೊರದೇಶದಾಗೆ ಇಂಥ ರೋಗಿಗಳನ್ನ ಸಾಯಾಕೆ ಬಿಡ್ರಿ ಅಂತ ಮನೆಯವರೇ ಕೋರ್ಟಿಗೆ ಹೋಗ್ತಾರಂತ್ರೀ.” ಹೆತ್ತವರ ಜೀವಕ್ಕೆ ಅರ್ಜಿ ಹಾಕುವ ಆ ಜನ ಎಂಥ ಕಲ್ಲೆದೆಯವರೋ ಎಂದುಕೊಂಡು ಕಾರಿನಲ್ಲಿ ದಾರಿಯುದ್ದಕ್ಕೂ ಪಂಚಾಕ್ಷರಿ ಹೇಳಿಕೊಂಡು ಬಂದೆ.

ನಾನೂ ನಾದಿನಿಯೂ ಸರದಿಯ ಮೇಲೆ ನೋಡಿಕೊಂಡೆವು. ಸುಲಭವಿರಲಿಲ್ಲ. ಮೈ ಒರೆಸುವುದು, ಬಟ್ಟೆ ಬದಲಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು. ನಾನು ದಿನಕ್ಕೆ ಒಂದಾದರೂ ಒಳ್ಳೆಯದನ್ನು ಹುಡುಕಿ ದೇವರಿಗೆ ಒಪ್ಪಿಸುತ್ತಿದ್ದೆ. ಇವತ್ತು ಬೆನ್ನು ಕೆಂಪಾಗಲಿಲ್ಲ, ಶಿವನೇ, ನಿನ್ನ ದಯ. ಇವತ್ತು ಗಂಜಿ ಒಂದು ಗುಟುಕೂ ಹೊರಗೆ ಬರಲಿಲ್ಲ. ಇವತ್ತು ನನ್ನ ಸಣ್ಣವನನ್ನು ನೋಡಿ ಅತ್ತೆಯವರ ಅರ್ಧ ಬಾಯಿ ನಕ್ಕಿತು. ಆದರೆ ಬರೆಯಲು ಕೂತ ಮೇಲೆ ಮುಚ್ಚಿಡಬಾರದು: ಅದೇ ಬಾಯಲ್ಲಿ, “ಸಾಕು ಶಿವನೇ, ಕರ್ಕೊಂಡುಬಿಡು” ಎಂದೂ ಕೇಳಿಕೊಂಡಿದ್ದೇನೆ. ಅದು ಅವರ ನೋವು ನೋಡಲಾರದೆ ಕೇಳಿದ್ದೋ, ನನ್ನ ಸೊಂಟನೋವಿಗೆ ಕೇಳಿದ್ದೋ? ಆಗಲೂ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ.

ಮೂರು ತಿಂಗಳಾದ ಮೇಲೆ ಅತ್ತೆಯವರು ಗಂಜಿಯನ್ನೂ ಕಡಿಮೆ ಮಾಡಿದರು. ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಚಿಕ್ಕಪ್ಪ ಬಂದು ಬಾಗಿಲಲ್ಲೇ ನಿಂತು ನೋಡಿ, “ಜೀವ ಯಾವುದ್ರಾಗೋ ಸಿಕ್ಕಾಕ್ಕೊಂಡೈತೆ. ಮಣ್ಣಿನ ಆಸೆ ಇರಬೇಕು” ಎಂದರು.

ನಮ್ಮ ಕಡೆ ಅದೊಂದು ಪದ್ಧತಿ. ಹೋಗಬೇಕಾದ ಜೀವ ಹೋಗದೆ ಒದ್ದಾಡುತ್ತಿದ್ದರೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಹೊಲದ ಆಸೆ ಎನಿಸಿದರೆ ಹೊಲದ ಮಣ್ಣು, ಒಡವೆಯ ಆಸೆ ಎನಿಸಿದರೆ ಚಿನ್ನ, ಹೀಗೆ ನೀರಿನಲ್ಲಿ ಕದಡಿಯೋ ತೊಳೆದೋ ಬಾಯಿಗೆ ಬಿಡುತ್ತಾರೆ. ಮಂಚದಿಂದ ಇಳಿಸಿ ನೆಲಕ್ಕೆ ಮಲಗಿಸಿ, ಹಣೆಗೆ ವಿಭೂತಿ ಹಚ್ಚಿ ಬಿಡುತ್ತಾರೆ. ಆಸೆ ತೀರಿ ಜೀವ ಹೋಗುತ್ತದೆ ಎನ್ನುತ್ತಾರೆ. ನನ್ನ ಅಜ್ಜಿಗೂ ಚನ್ನಗಿರಿಯಲ್ಲಿ ಹಾಗೇ ಮಾಡಿದ್ದರು, ನಾನು ಚಿಕ್ಕವಳು, ಬಾಗಿಲ ಸಂದಿಯಿಂದ ನೋಡಿದ್ದೆ. ಅಜ್ಜಿ ಅವತ್ತೇ ಹೋದರು. ಎಲ್ಲರೂ, “ನೋಡಿದ್ರಾ, ಹೊಲದ ಮ್ಯಾಲೇ ಇತ್ತು ಜೀವ” ಎಂದರು. ನಾನೂ ನಂಬಿದ್ದೆ.

ಸವಳಂಗದ ದಾರಿಯಲ್ಲಿ ನಮ್ಮದೊಂದು ಹೊಲ. ಚಿಕ್ಕಪ್ಪ ಅಲ್ಲಿಂದ ಟವೆಲ್ಲಿನಲ್ಲಿ ಒಂದು ಹಿಡಿ ಮಣ್ಣು ಕಟ್ಟಿಕೊಂಡು ಬಂದರು. ನಾನು ಕದಡಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿದೆ, ಗಂಟಲಿಗೆ ಮರಳು ಹತ್ತದಿರಲಿ ಎಂದು. ಅತ್ತೆಯವರನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿದ್ದರು. ಒಳಲೆಯ ಮೂತಿಯಿಂದ ಎರಡು ಗುಟುಕು ಬಿಟ್ಟೆ ಅಷ್ಟೆ. ಕೆಮ್ಮು ಹತ್ತಿತು. ನಿಲ್ಲಲಿಲ್ಲ. ಮುಖ ನೇರಳೆಯಾಯಿತು, ಸರಿ ಇದ್ದ ಬಲಗೈ ನೆಲವನ್ನು ಬಡಿಯಿತು. ಡಾಕ್ಟರ ಮಾತು ಆಗ ನೆನಪಾಯಿತು. “ಮಲಗಿಸಿ ಮಾತ್ರ ಕುಡಿಸಬ್ಯಾಡ್ರಿ.” ನಾನು ಒಳಲೆ ಬಿಸಾಕಿ ಅವರನ್ನು ಎತ್ತಿ ಕೂರಿಸಲು ಹೋದರೆ ಒಬ್ಬಳ ಕೈಲಾಗಲಿಲ್ಲ.

ಆಗ ಹಿತ್ತಲ ಬಾಗಿಲಿನಿಂದ ಓಡಿ ಬಂದವಳು ನಮ್ಮಲ್ಲಿ ಕೆಲಸಕ್ಕಿದ್ದ ಸವಳಂಗದಾಕೆ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯಳು. ಅವಳ ಜನ ಆಗಷ್ಟೇ ಬೌದ್ಧರಾಗಿದ್ದರು. “ಮನ್ಯಾಗೆ ಬುದ್ಧನ ಫೋಟೋ ಹಾಕೀವಿ ಅಮ್ಮಾರೆ, ಭಾಳ ತಣ್ಣಗೈತೆ ಮುಖ” ಎಂದು ನನಗೆ ಹೇಳಿದ್ದಳು. ಹತ್ತು ವರ್ಷದಿಂದ ನಮ್ಮ ಪಾತ್ರೆ ಬೆಳಗಿದ್ದಳು, ಆದರೆ ಹಿತ್ತಲ ಹೊಸ್ತಿಲು ದಾಟಿದವಳಲ್ಲ. ನಾವು ದಾಟಲು ಬಿಟ್ಟಿರಲಿಲ್ಲ ಎಂದು ಹೇಳಿದರೆ ಸರಿಯಾದೀತು. ಅವತ್ತು ನಾನು ಕರೆಯಲೂ ಇಲ್ಲ, ಅವಳು ಕೇಳಲೂ ಇಲ್ಲ. ಅತ್ತೆಯವರ ಕಂಕುಳಲ್ಲಿ ಕೈಹಾಕಿ ಎತ್ತಿ ಕೂರಿಸಿ ಬೆನ್ನು ತಟ್ಟಿದಳು. ಕೆಮ್ಮು ನಿಂತಿತು. ಚಿಕ್ಕಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ನೋಡದಿದ್ದರೆ ಮೈಲಿಗೆಯಾಗುವುದಿಲ್ಲ ಎಂದೋ ಏನೋ.

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಪಕ್ಕದ ಮನೆಯ ಆಪಾ ಹತ್ತಿರ ಹೋಗಿ ಕೂತೆ. ಆಪಾ ಎಂದರೆ ಅವರ ಮಾತಿನಲ್ಲಿ ಅಕ್ಕ. ಕೆರೆಬಿಳಚಿಯ ಹೆಣ್ಣುಮಗಳು, ನಮ್ಮ ಅಂಗಡಿಯಲ್ಲಿ ಕೊಂಡವರ ಕುಪ್ಪಸಗಳನ್ನು ಹೊಲಿದುಕೊಡುತ್ತಿದ್ದರು. ಹಿಂದಿನ ವರ್ಷವಷ್ಟೇ ಅವರ ತಂಗಿಗೆ ತಲಾಖ್ ಆಗಿತ್ತು. ಅತ್ತು, ದೂರಿ, ಮೂರು ತಿಂಗಳು ಮನೆಯಲ್ಲಿದ್ದು, ಆಮೇಲೆ ಚನ್ನಗಿರಿ ಕಡೆಯ ಸೈಕಲ್ ರಿಪೇರಿಯವನ ಜೊತೆ ಇನ್ನೊಂದು ನಿಕಾಹ್ ಆಗಿ ಈಗ ಮಡಿಲಲ್ಲಿ ಕೂಸಿತ್ತು. ನಿಮ್ಮಲ್ಲಿ ಅದು ಅಷ್ಟು ಸುಲಭವೇ ಎಂದು ನಾನೊಮ್ಮೆ ಕೇಳಿದ್ದೆ.

“ಸುಲಭ ಯಾರಿಗೆ? ಗಂಡಸಿಗೆ ಸುಲಭ” ಎಂದಿದ್ದರು. “ಅಲ್ಲಾಗೂ ಇಷ್ಟ ಇಲ್ಲದ ಕೆಲ್ಸ ಅದು. ಆದ್ರೆ ಬಾಗಿಲು ಅಂತ ಒಂದೈತೆ. ನಿಮ್ಮಲ್ಲಿ ಗೋಡೆ ಕಟ್ಟಿಬಿಟ್ಟೀರಿ.”

ಮಣ್ಣಿನ ನೀರಿನ ವಿಷಯ ಹೇಳಿದಾಗ ಮಾತ್ರ ಆಪಾ ಹೊಲಿಗೆಯ ಯಂತ್ರ ನಿಲ್ಲಿಸಿದರು. “ತೌಬಾ ತೌಬಾ. ಕೊಟ್ಟೋನು ತಗೊಳ್ಳೋವರೆಗೂ ಜೀವ ನಮ್ದಲ್ಲ ಕಣಮ್ಮ. ನಮ್ಮ ಅಬ್ಬಾ ಎರಡು ವರ್ಷ ಮಲಗಿದ್ರು. ಹತ್ತೀಲಿ ತುಟಿ ಒದ್ದೆ ಮಾಡ್ತಿದ್ವಿ, ಅಷ್ಟೇ. ಅವಸರ ಮಾಡಾಕೆ ನೀನ್ಯಾರು?”

“ನಾನು ಅವಸರ ಮಾಡಲಿಲ್ಲ ಆಪಾ, ಆಸೆ ತೀರಿಸಾಕೆ ಹೋದೆ.”

“ಆಸೆ ಏನಂತ ಹೆಂಗೆ ಗೊತ್ತಾತು? ಕೇಳಿದ್ಯಾ?”

ನಾನು ಎದ್ದು ಬಂದೆ. ದಾರಿ ಎಂದರೆ ಒಂದು ಗೋಡೆಯ ಈಚೆ ಆಚೆ, ಆದರೂ ಅವತ್ತು ದೂರ ಎನಿಸಿತು. ಹೊರದೇಶದವರನ್ನು ಕಲ್ಲೆದೆಯವರು ಎಂದುಕೊಂಡವಳು ನಾನು. ಅವರು ಕೋರ್ಟಿಗೆ ಹೋಗಿ ಕೇಳುತ್ತಾರೆ, ನಾವು ಯಾರನ್ನೂ ಕೇಳುವುದಿಲ್ಲ. ಆಪಾ ಮನೆಯಲ್ಲಿ ಮದುವೆಯಿಂದ ಹೊರಬರಲು ಬಾಗಿಲಿದೆ, ಜೀವದಿಂದ ಕಳಿಸಲು ಇಲ್ಲ. ನಮ್ಮ ಮನೆಯಲ್ಲಿ ತಿರುಗುಮುರುಗು. ಯಾವುದು ಧರ್ಮ? ಅಡುಗೆ ಮಾಡುತ್ತಾ, ಬಟ್ಟೆ ಒಗೆಯುತ್ತಾ ಇದೇ ತಲೆಯಲ್ಲಿ ತಿರುಗುತ್ತಿತ್ತು.

ಚಿಕ್ಕಪ್ಪ ಸುಮ್ಮನಾಗಲಿಲ್ಲ. ಮಣ್ಣಿನ ಆಸೆಯಲ್ಲ ಎಂದಾದ ಮೇಲೆ ಅವರಿಗೆ ಉತ್ತರ ಹೊಳೆದಿತ್ತು. “ಮಗಳ ಸಂಸಾರದ ಮ್ಯಾಲೈತೆ ಜೀವ. ಇಕಿ ಗಂಡನ ಮನಿಗೆ ಹೋದ್ಲು ಅಂತ ಕಂಡ್ರೆ ನೆಮ್ಮದಿಯಾಗಿ ಕಣ್ಣು ಮುಚ್ಚತಾಳೆ. ಹೆತ್ತ ತಾಯಿನ ಹಿಂಗೆ ನರಳಿಸಬ್ಯಾಡವ್ವ ನೀನು.” ನಾದಿನಿ ತಲೆ ತಗ್ಗಿಸಿ ಕೂತಿದ್ದಳು. ಆರು ತಿಂಗಳು ಹಟ ಹಿಡಿದಿದ್ದ ಹುಡುಗಿ ಆ ಒಂದು ಮಾತಿಗೆ ಮುರಿದಳು. “ಅವ್ವಗೆ ಅದರಿಂದ ಬಿಡುಗಡೆ ಆಗತೈತೆ ಅಂದ್ರೆ ಹೋಗ್ತೀನಿ” ಎಂದಳು. ಜಗಳೂರಿಗೆ ಕಾಗದ ಹೋಯಿತು. ಬರುವ ಸೋಮವಾರ ಗಂಡ ಬಂದು ಕರೆದುಕೊಂಡು ಹೋಗುವುದು ಎಂದಾಯಿತು.

ಅದಕ್ಕೂ ಮೊದಲು, ಶನಿವಾರ, ತಾಳಿಯ ನೀರು ಕೊಡಬೇಕು ಎಂದರು. ನಾದಿನಿ ತಾಳಿಯನ್ನು ಕೊರಳಿಂದ ತೆಗೆಯಲಿಲ್ಲ. ಬಾಗಿ, ಬಟ್ಟಲಿನ ನೀರಿನಲ್ಲಿ ಅದ್ದಿ, ಹಾಗೇ ಬಾಗಿಕೊಂಡೇ ಇದ್ದಳು. ಅವಳ ಕಣ್ಣೀರೂ ಅದರಲ್ಲಿ ಬಿತ್ತು. ನಾನು ಈ ಸಲ ಅತ್ತೆಯವರನ್ನು ದಿಂಬಿಗೆ ಒರಗಿಸಿ ಕೂರಿಸಿಕೊಂಡೆ. “ಮಗಳು ಸೋಮವಾರ ಗಂಡನ ಮನಿಗೆ ಹೊಂಟಾಳೆ, ತಗೋ” ಎಂದು ಚಿಕ್ಕಪ್ಪ ಗಟ್ಟಿಯಾಗಿ ಹೇಳಿದರು. ನಾನು ಒಳಲೆಯನ್ನು ತುಟಿಗೆ ಹಿಡಿದೆ.

ಅತ್ತೆಯವರು ಹಲ್ಲು ಕಚ್ಚಿದರು. ಎಷ್ಟು ಗಟ್ಟಿಯಾಗಿ ಎಂದರೆ ಬೆಳ್ಳಿಯ ಮೂತಿಗೆ ಹಲ್ಲು ತಾಗಿ ಟಕ್ ಎಂದಿತು. ಆಮೇಲೆ ಬಲಗೈಯಿಂದ ಒಳಲೆಯನ್ನು ತಳ್ಳಿದರು. ನೀರು ನನ್ನ ಸೆರಗಿನ ಮೇಲೆ ಚೆಲ್ಲಿತು.

“ಕೈ ತಡವರಿಸಿತು ಪಾಪ” ಎಂದು ಚಿಕ್ಕಪ್ಪ ಹೊರಟುಹೋದರು. ತಡವರಿಸಿದ ಕೈ ಅಲ್ಲ ಅದು. ನಾನು ಹತ್ತಿರ ಇದ್ದವಳು, ನನಗೆ ಗೊತ್ತು.

ಮಾರನೆಯ ದಿನ ಮಧ್ಯಾಹ್ನ ಪಾತ್ರೆ ಬೆಳಗುತ್ತಿದ್ದ ಸವಳಂಗದಾಕೆಯ ಹತ್ತಿರ ಕೂತು ಇದನ್ನೆಲ್ಲ ಹೇಳಿಕೊಂಡೆ. ಅವಳು ಬೂದಿ ಹಚ್ಚಿದ ಕೈಯನ್ನು ನಿಲ್ಲಿಸಿ, “ಅಮ್ಮಾರೆ, ಒಂದು ಮಾತು. ನಾ ಹೇಳ್ದೆ ಅನ್ನಬ್ಯಾಡ್ರಿ” ಎಂದಳು. “ನಿಮ್ಮ ಅತ್ತೆಮ್ಮಾರು ಉಡಿಕಿ ಆಗಿ ಬಂದೋರು. ನಮ್ಮತ್ತಿ ಕಣ್ಣಾರೆ ಕಂಡಾಳೆ.”

ಉಡಿಕೆ ಎಂದರೆ ಗಂಡನನ್ನು ಬಿಟ್ಟವಳಿಗೋ ಕಳೆದುಕೊಂಡವಳಿಗೋ ಇನ್ನೊಬ್ಬ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು. ಚಪ್ಪರವಿಲ್ಲ, ವಾಲಗವಿಲ್ಲ. ಹಾಗೆ ಬಂದವಳು ಬಾಳ್ವೆ ಮಾಡಬಹುದು, ಮಕ್ಕಳನ್ನು ಹೆರಬಹುದು. ಆದರೆ ಇನ್ನೊಬ್ಬರ ಮದುವೆಯಲ್ಲಿ ಅರಿಶಿನ ಹಚ್ಚುವಂತಿಲ್ಲ, ಅಕ್ಕಿಕಾಳು ಹಾಕುವಂತಿಲ್ಲ. ನನಗೆ ನನ್ನ ಮದುವೆಯ ದಿನ ಕಣ್ಣ ಮುಂದೆ ಬಂತು. ಹೊಗೆ ತುಂಬಿದ ಅಡುಗೆಮನೆ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದ ಅತ್ತೆಯವರು.

“ನಾನೂ ಉಡಿಕಿ ಆದಾಕಿನೇ” ಎಂದಳು ಸವಳಂಗದಾಕೆ, ಪಾತ್ರೆ ಮತ್ತೆ ಎತ್ತಿಕೊಳ್ಳುತ್ತಾ. “ನಮ್ಮ ಹಟ್ಟ್ಯಾಗೆ ನಾಕು ಮಂದಿ ಹಿರೇರು ಕೂತ್ರು, ಕಡ್ಡಿ ಮುರಿದು ಹಳೇ ಸಂಬಂಧ ಬಿಡಿಸಿದ್ರು, ಮುಗೀತು. ಯಾರೂ ಮಾತಾಡ್ಲಿಲ್ಲ. ನೀವು ದೊಡ್ಡೋರು ಆದ್ಹಂಗೆ ಮುಚ್ಚಿಡೋದು ಜಾಸ್ತಿ ಆತು ನೋಡ್ರಿ.” ನಕ್ಕಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಒಳಗೆ ಹೋಗಿ ನಡುಮನೆಯ ಬಾಗಿಲು ಮುಂದೆ ಮಾಡಿದೆ. ಯಜಮಾನರು ಅಂಗಡಿಯಲ್ಲಿ, ಮಕ್ಕಳು ಹೊರಗೆ, ನಾದಿನಿ ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಅತ್ತೆಯವರ ಕಿವಿಯ ಹತ್ತಿರ ಕೂತು ಕೇಳಿದೆ. ಮೂರು ತಿಂಗಳಲ್ಲಿ ಯಾರೂ ಕೇಳದಿದ್ದದ್ದು.

“ಅತ್ತೀ, ನಿಮಗೇನು ಬೇಕ್ರಿ?”

ಕಣ್ಣು ತೆರೆದರು. ಮಾತು ಬರುತ್ತಿತ್ತು ಅವರಿಗೆ, ತೊದಲು, ನಿಧಾನ, ಆದರೆ ಬರುತ್ತಿತ್ತು. ನಾವೇ ಅವರ ಮಾತು ಹೋಯಿತು ಎಂದು ತೀರ್ಮಾನಿಸಿ ಅವರ ತಲೆಯ ಮೇಲೆ ನಿಂತು ನಮ್ಮ ನಮ್ಮಲ್ಲೇ ಮಾತಾಡಿಕೊಂಡಿದ್ದೆವು.

“ಅವಳ್ನ... ಕಳಿಸಬ್ಯಾಡ.”

ಇಷ್ಟು ಹೇಳಲು ಬಹಳ ಹೊತ್ತು ಹಿಡಿಯಿತು. ಆಮೇಲೆ ತುಣುಕು ತುಣುಕಾಗಿ ಉಳಿದದ್ದು ಬಂತು. ಮೊದಲ ಗಂಡನ ಮನೆ ಹೊನ್ನಾಳಿ ಕಡೆ. ಅನ್ನ ಹಾಕುತ್ತಿರಲಿಲ್ಲ. ಹೊಳೆ ದಾಟಿ ತವರಿಗೆ ಬಂದರು. ಆ ಮದುವೆಯಿಂದ ಬಿಡುಗಡೆಯಾಯಿತು. ಮಾವನವರು ತಾವಾಗಿ ಕೇಳಿ ಸೀರೆ ಉಡಿಸಿದರು. ಆದರೆ ಮನೆಗೆ ಬಂದ ದಿನವೇ, ಆಗಿನ್ನೂ ಮೀಸೆ ಚಿಗುರುತ್ತಿದ್ದ ಚಿಕ್ಕಪ್ಪ ಲಿಂಗ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದರು: ಈ ವಿಷಯ ನಿನ್ನ ಬಾಯಿಂದ ಹೊರಗೆ ಬರಬಾರದು, ನಾಳೆ ನನಗೆ ಹೆಣ್ಣು ಸಿಗುವುದಿಲ್ಲ ಎಂದು. ನಲವತ್ತು ವರ್ಷ ಅತ್ತೆಯವರು ಆ ಆಣೆಯನ್ನು ಕಾಪಾಡಿದ್ದರು. ಮಕ್ಕಳಿಗೂ ಗೊತ್ತಿರಲಿಲ್ಲ.

“ನಿಮಗೆ ಹೋಗಬೇಕು ಅನ್ನಿಸತೈತಾ ಅತ್ತೀ?” ಎಂದೆ. ಯಾವ ಹೋಗುವುದು ಎಂದು ಬಿಡಿಸಿ ಹೇಳುವ ಧೈರ್ಯ ನನಗಿರಲಿಲ್ಲ. ಅವರಿಗೆ ಅರ್ಥವಾಯಿತು.

“ಹೋಗ್ತೀನಿ ಬಿಡು. ನಿಮಗೆ... ಯಾಕ ಅವಸರ?”

ಅರ್ಧ ಬಾಯಲ್ಲಿ ನಕ್ಕರು. ನಾನು ಅವರ ಸತ್ತ ಎಡಗೈಯನ್ನು ಹಿಡಿದುಕೊಂಡು ಕಣ್ಣೀರಿಟ್ಟೆ. ಆಮೇಲೆ ನೀರು ಕೇಳಿದರು. ಬರೀ ನೀರು. ಒಳಲೆಯಲ್ಲಿ ಕೊಟ್ಟರೆ ಪೂರ್ತಿ ಕುಡಿದರು.

ಸೋಮವಾರ ಹತ್ತು ಗಂಟೆಯ ಹೊತ್ತಿಗೆ ಜಗಳೂರಿನಿಂದ ನಾದಿನಿಯ ಗಂಡ, ಅವನ ಜೊತೆ ಅವರ ಕಡೆಯ ಹಿರಿಯರೊಬ್ಬರು ಬಂದರು. ಮಂಡಕ್ಕಿ, ಚಹಾ ಆಯಿತು. ಅತ್ತೆಯವರನ್ನು ಮತ್ತೆ ಚಾಪೆಗೆ ಇಳಿಸಲು ಚಿಕ್ಕಪ್ಪ ಹೇಳಿದರು. ನಾನು ದಿಂಬು ಕೊಟ್ಟು ಒರಗಿಸಿಯೇ ಕೂರಿಸಿದೆ. ಗಂಡಹೆಂಡತಿ ಕೈಹಿಡಿದುಕೊಂಡು ತಾಯಿಯ ಪಾದ ಮುಟ್ಟಬೇಕು, ಅಲ್ಲಿಂದ ಹಾಗೇ ಬಸ್‌ಸ್ಟ್ಯಾಂಡಿಗೆ ಹೊರಡಬೇಕು. ಅದು ಏರ್ಪಾಡು. ನಾದಿನಿಯ ಮುಖ ಸುಣ್ಣದಂತಾಗಿತ್ತು. ಗಂಡ ಕೈ ಚಾಚಿದ. ಅವನ ಸೊಂಟದ ಉಡಿದಾರಕ್ಕೆ ಕಟ್ಟಿದ ಬೀಗದ ಕೈ ಅಂಗಿಯ ಕೆಳಗೆ ಕಾಣುತ್ತಿತ್ತು.

ಗಂಡಸರು ಕೂತಲ್ಲಿ ನಾನು ಅದುವರೆಗೆ ಮಾತಾಡಿದವಳಲ್ಲ. ಮನಸ್ಸಿನಲ್ಲಿ ಶಿವ ಶಿವ ಎಂದುಕೊಂಡು, “ಚಿಕ್ಕಪ್ಪಾರೆ, ಅತ್ತಿಯವರನ್ನೇ ಒಂದು ಮಾತು ಕೇಳ್ರಿ” ಎಂದೆ.

“ಆಕಿಗೆಲ್ಲಿ ಮಾತು?”

“ಬರ್ತಾವೆ. ನಿನ್ನೆ ನನ್ನ ಹತ್ರ ಮಾತಾಡಿದ್ರು. ಎಲ್ಲಾ ಮಾತಾಡಿದ್ರು.”

ಎಲ್ಲಾ ಎಂದದ್ದು ಅವರಿಗೆ ತಾಗಿತು. ರುಮಾಲು ಸರಿಮಾಡಿಕೊಂಡರು. ಯಜಮಾನರು ನನ್ನನ್ನೇ ನೋಡುತ್ತಿದ್ದರು, ಏನೂ ತಿಳಿಯದೆ. ಅತ್ತೆಯವರು ನಿಧಾನಕ್ಕೆ ಕಣ್ಣು ತೆರೆದು ಮೈದುನನನ್ನು ನೋಡಿದರು. ಜಗಳೂರಿನ ಹಿರಿಯರನ್ನು ನೋಡಿದರು. ಮತ್ತೆ ಮೈದುನನನ್ನು ನೋಡಿದರು.

“ಹೇಳ್ಲಾ?” ಎಂದರು.

ಒಂದೇ ಮಾತು. ಆ ಮನೆಯಲ್ಲಿ ಅದರ ಅರ್ಥ ಗೊತ್ತಾದದ್ದು ನಮಗೆ ಮೂರೇ ಜನಕ್ಕೆ. ಚಿಕ್ಕಪ್ಪನವರ ಮಗಳಿಗೆ ಆಗ ದಾವಣಗೆರೆಯ ಕಡೆ ಸಂಬಂಧ ಮಾತಾಗುತ್ತಿತ್ತು. ಅವರು ಎರಡು ಸಲ ಗಂಟಲು ಸರಿಪಡಿಸಿಕೊಂಡರು.

“ಬ್ಯಾಡ ಬಿಡವ್ವ, ಆಯಾಸ ಆಗತೈತೆ ನಿನಗೆ” ಎಂದರು. ಬೀಗರ ಕಡೆ ತಿರುಗಿ, “ಹುಡುಗಿ ಇನ್ನೂ ಸುಧಾರಿಸಿಲ್ಲ. ತಾಯಿಗೂ ಹಿಂಗಾಗೈತೆ. ಇವತ್ತು ಕಳಿಸಾಕೆ ಆಗಂಗಿಲ್ಲ. ನಾವೇ ಬಂದು ಕೂತು ಮಾತಾಡ್ತೀವಿ” ಎಂದರು. ಗಂಡ ಏನೋ ಹಾರಾಡಲು ಹೋದ. “ನಮ್ಮ ಮನಿ ಅಂಗಳದಾಗೆ ಜೋರು ಮಾಡಬ್ಯಾಡ” ಎಂದು ಗದರಿಸಿದವರೂ ಅದೇ ಚಿಕ್ಕಪ್ಪ. ನಾದಿನಿ ಕಂಬಕ್ಕೆ ಒರಗಿ ಕೂತುಬಿಟ್ಟಳು.

ನಾನು ಗೆದ್ದೆ ಎನ್ನುವ ಹಾಗಿರಲಿಲ್ಲ. ಹಿರಿಯರನ್ನು ಹೆದರಿಸಿದೆನಲ್ಲ, ಸಾಯುವವರ ಗುಟ್ಟನ್ನು ಕತ್ತಿಯ ಹಾಗೆ ತೋರಿಸಿದೆನಲ್ಲ ಎಂದು ಒಳಗೆ ಕುದಿಯುತ್ತಿತ್ತು. ತೋರಿಸಿದವರು ಅತ್ತೆಯವರೇ, ನಾನು ಒರೆ ಬಿಚ್ಚಿದೆ ಅಷ್ಟೆ ಎಂದು ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಇವತ್ತಿಗೂ ಪೂರ್ತಿಯಾಗಿ ಕೂತಿಲ್ಲ.

ಚಿಂತೆ ಕಳೆಯಿತು, ಇನ್ನು ಇವತ್ತೋ ನಾಳೆಯೋ ಎಂದು ನಾವೆಲ್ಲ ಕಾದೆವು. ನಾನು ಕೂಡ. ನಮ್ಮ ನಂಬಿಕೆಯ ಪ್ರಕಾರ ಆಸೆ ತೀರಿತಲ್ಲ. ಆದರೆ ಅತ್ತೆಯವರು ಹೋಗಲಿಲ್ಲ. ಮತ್ತೆ ಗಂಜಿ ಕುಡಿಯತೊಡಗಿದರು. ಮೆಣಸಿನಸಾರು ಕೇಳಿದರು. ಮಗಳಿಗೆ ಹೆರಳು ಸರಿಯಾಗಿ ಹಾಕಿಕೊಳ್ಳಲು ಬರುವುದಿಲ್ಲವೆಂದು ಬೈದರು. ಇನ್ನೂ ಎರಡು ತಿಂಗಳು ಇದ್ದರು. ಸೋಮವಾರ ಆ ಚಾಪೆಯ ಮೇಲೆ ಅಂಗಾತ ಮಲಗಿಸಿ ನಾನು ಇನ್ನೊಂದು ಸಲ ಒಳಲೆ ಬಾಗಿಸಿದ್ದರೆ ಆ ಎರಡು ತಿಂಗಳು ಇರುತ್ತಿರಲಿಲ್ಲ. ಅಜ್ಜಿಯದೂ ಅವತ್ತು ಹೊಲದ ಆಸೆಯಾಗಿತ್ತೋ, ಬರೀ ಉಸಿರು ಕಟ್ಟಿತ್ತೋ, ಶಿವನೇ ಬಲ್ಲ.

ಹೋದದ್ದು ಒಂದು ಮಧ್ಯಾಹ್ನ, ಊಟದ ಹೊತ್ತು. ನಾದಿನಿ ಕಾಲು ಒತ್ತುತ್ತಿದ್ದಳು, ನಾನು ಪಕ್ಕದಲ್ಲಿ ಬೇಳೆ ಆರಿಸುತ್ತಿದ್ದೆ. ಯಾರೂ ಏನೂ ಕುಡಿಸಿರಲಿಲ್ಲ. ಉಸಿರು ಉದ್ದವಾಯಿತು, ನಿಂತಿತು. ವಿಭೂತಿಯ ಗಟ್ಟಿ ನನ್ನ ಕೈಗೆಟಕುವಷ್ಟು ಹತ್ತಿರದಲ್ಲಿತ್ತು, ಹಣೆಗೆ ಹಚ್ಚಿದೆ. ಅದೂ ಒಂದು ದಯ.

ನಾದಿನಿಯ ಬಿಡುಗಡೆ ಎಂಬತ್ತರ ನಂತರ ಆಯಿತು. ಜಗಳೂರಿನಲ್ಲಿ ಹಿರಿಯರು ಕೂತು, ಛಾಪಾ ಕಾಗದದ ಮೇಲೆ ಬರೆಸಿ, ತಾಳಿ ಮರಳಿಸಿದರು. ನಮ್ಮ ಕಡೆಯಿಂದ ಸಹಿ ಮಾಡಿದವರು ಚಿಕ್ಕಪ್ಪ. ಅವಳು ಆಪಾ ಹತ್ತಿರ ಹೊಲಿಗೆ ಕಲಿತು ನಮ್ಮ ಅಂಗಡಿಯ ಪಕ್ಕದಲ್ಲೇ ಯಂತ್ರ ಹಾಕಿಕೊಂಡಳು. ಇನ್ನೊಂದು ಮದುವೆ ಬೇಡವೆಂದಳು. ಮನೆಗೆ ಬೀಗ ಹಾಕಿಕೊಂಡು ಬೀಗದ ಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುವಾಗ ಅವಳ ನಡಿಗೆಯನ್ನು ನೋಡಬೇಕಿತ್ತು. ದಯಾಮರಣ ಎನ್ನುವ ಮಾತನ್ನು ನಾನು ಮೊದಲು ಓದಿದ್ದು ಆ ಕಾಲದಲ್ಲೇ, ಅವಳು ತರಿಸುತ್ತಿದ್ದ ವಾರಪತ್ರಿಕೆಯಲ್ಲಿ. ದಯೆ ಯಾರದು ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಹಿರಿಮಗಳ ಮದುವೆ. ಸರಿಯಾಗಿ ಅಕ್ಕಿಕಾಳಿನ ಹೊತ್ತಿಗೆ ತಿರುಗಿ ನೋಡಿದರೆ ನಾದಿನಿ ಇಲ್ಲ. ನನಗೆ ಗೊತ್ತಿತ್ತು ಎಲ್ಲಿರುತ್ತಾಳೆಂದು. ವಾಲಗದವರಿಗೆ ತಡೆಯಿರಿ ಎಂದು ಕೈಮಾಡಿ ಅಕ್ಕಿಯ ತಟ್ಟೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

“ಬಾ ಹೊರಗೆ.”

“ಅತ್ತಿಗೆ, ನಿಮಗೆ ಹುಚ್ಚೇನು? ಅಲ್ಲಿ ಎಲ್ಲರೂ ಕೂತಾರೆ. ಪಾಯಸ ತಳ ಹತ್ತತೈತೆ, ಹೋಗ್ರಿ.”

“ಹತ್ಲಿ.”

ಅವಳು ಹೊಸ್ತಿಲು ದಾಟಲಿಲ್ಲ. ನಾನು ಎಳೆಯಲೂ ಇಲ್ಲ. ಅಷ್ಟು ಧೈರ್ಯ ಇಬ್ಬರಿಗೂ ಇರಲಿಲ್ಲ ಎಂದೇ ಬರೆಯಬೇಕು. ಬಾಗಿಲಲ್ಲೇ ನಿಂತು ತಟ್ಟೆ ಹಿಡಿದೆ. ಅವಳು ಕೈಯನ್ನು ಸೆರಗಿಗೆ ಒರೆಸಿ, ಒಂದು ಹಿಡಿ ತುಂಬಿಕೊಂಡು, ಅಂಗಳದಾಚೆ ಚಪ್ಪರದ ಕಡೆಗೆ ಜೋರಾಗಿ ಬೀಸಿದಳು. ಅಷ್ಟು ದೂರದಿಂದ ನನ್ನ ಮಗಳ ತಲೆಗೆ ಎಲ್ಲಿ ತಲುಪಬೇಕು? ಕಾಳುಗಳು ಹಿಂದಿನ ಸಾಲಿನಲ್ಲಿ ಕೂತಿದ್ದ ಚಿಕ್ಕಪ್ಪನವರ ರುಮಾಲಿನ ಮೇಲೆ ಬಿದ್ದವು. ಅವರು ತಿರುಗಿ ನೋಡಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ನನ್ನನ್ನು ನೋಡಿದರು, ನನ್ನ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತವಳನ್ನು ನೋಡಿದರು. ಕಾಳುಗಳನ್ನು ಒರೆಸಿಕೊಳ್ಳಲಿಲ್ಲ. ಊಟ ಮುಗಿಸಿ ಮನೆಗೆ ಹೋಗುವವರೆಗೂ ಒಂದೆರಡು ಕಾಳು ಆ ರುಮಾಲಿನ ಮಡಿಕೆಯಲ್ಲಿ ಹಾಗೇ ಇದ್ದವು. ನಾನು ನೋಡುತ್ತಲೇ ಇದ್ದೆ.